ಆಗುಂಬೆ ಘಾಟಿಯಲ್ಲಿ ಎಂಜಿನ್ ಕಾದು ಹಬೆಯೆದ್ದಿತು: ಯಾವುದರಿಂದ ಪರೀಕ್ಷೆ ಆರಂಭಿಸಲಿ?

ಪ್ರಶ್ನೆ

ನಮ್ಮ ಮನೆಯಲ್ಲಿರುವುದು 1997ರ ಮಾರುತಿ 800. ಕಾರ್ಬುರೇಟರ್ ಇರುವ ಮಾದರಿ, ಏಸಿ ಇಲ್ಲ, ಹೀಟರ್ ಇದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್ ದೂರವನ್ನು ತಿಂಗಳಿಗೆ ನಾಲ್ಕಾರು ಬಾರಿ ಓಡಿದರೂ ಅದು ಈವರೆಗೆ ತಕರಾರು ಮಾಡಿದ್ದಿಲ್ಲ. ಕಳೆದ ವಾರ ಉಡುಪಿಯಿಂದ ಹಿಂದಿರುಗುವಾಗ, ಸೋಮೇಶ್ವರ ದಾಟಿ ಘಾಟಿ ಹತ್ತುತ್ತಿದ್ದ ಹೊತ್ತಿನಲ್ಲಿ, ಹದಿನಾಲ್ಕು ತಿರುವುಗಳಲ್ಲಿ ಎಂಟನೆಯದು ಬರುವಷ್ಟರಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಮುಂದೆ ಒಂದು ವಾಹನ ತೆವಳುತ್ತಿತ್ತು, ಹಿಂದೆ ಸಾಲು ಕಟ್ಟಿತ್ತು. ನಿಲ್ಲಿಸಲು ಜಾಗವಿಲ್ಲದೆ ಹಾಗೆಯೇ ಹತ್ತಿಸಿದೆ. ಮೂರು ತಿರುವು ಕಳೆದ ಮೇಲೆ ಮುಳ್ಳು ತಾನಾಗಿಯೇ ಅರ್ಧಕ್ಕಿಂತ ಕೆಳಗಿಳಿದದ್ದನ್ನು ಕಂಡು, ಸದ್ಯ ತಣ್ಣಗಾಯಿತಲ್ಲ ಎಂದು ಸಮಾಧಾನಪಟ್ಟುಕೊಂಡೆ. ಆದರೆ ಮೇಲೆ ಬಂದು ನಿಲ್ಲಿಸಿದಾಗ ಬಾನೆಟ್ಟಿನ ಅಂಚಿನಿಂದ ಹಬೆ ಏಳುತ್ತಿತ್ತು. ಮುಕ್ಕಾಲು ಗಂಟೆ ಕಾದು, ಜೊತೆಗಿದ್ದ ಎರಡು ಬಾಟಲಿ ನೀರನ್ನು ಸುರಿದರೂ ರೇಡಿಯೇಟರ್ ತುಂಬಲಿಲ್ಲ.

ಊರಿನ ಮೆಕ್ಯಾನಿಕ್, ಬಿಸಿಗೆ ತಕ್ಕಂತೆ ರೇಡಿಯೇಟರಿನ ಕಡೆಗೆ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟನ್ನೇ ತೆಗೆದುಹಾಕೋಣ ಎನ್ನುತ್ತಾರೆ. ಪೇಟೆಯ ಇನ್ನೊಬ್ಬರು ರೇಡಿಯೇಟರ್ ಬದಲಿಸಲೇಬೇಕೆನ್ನುತ್ತಾರೆ. ಮಳೆಗಾಲಕ್ಕೆ ಮುನ್ನ ಫ್ಯಾನಿನ ಮೋಟಾರ್ ಸುಟ್ಟಿದ್ದರಿಂದ ಹೊಸದನ್ನು ಹಾಕಿಸಿದ್ದೇನೆ. ಅದು ಚೆನ್ನಾಗಿಯೇ ತಿರುಗುತ್ತಿದೆ. ಹೇಗೆ ಮುಂದುವರಿಯಲಿ?

ಉತ್ತರ

ಮಾನ್ಯರೇ, ತಾವು ಸಮಾಧಾನಪಟ್ಟುಕೊಂಡ ಆ ಗಳಿಗೆಯಲ್ಲಿಯೇ ಎಂಜಿನ್ನಿಗೆ ಹೆಚ್ಚಿನ ಪೆಟ್ಟು ಬಿದ್ದಿರುವ ಸಂಭವವಿದೆ. ಮುಳ್ಳಿಗೆ ಸುದ್ದಿ ಮುಟ್ಟಿಸುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರು ಕುದಿದು ಹೊರಬಿದ್ದು ಅದರ ಮಟ್ಟ ಸೆನ್ಸರಿಗಿಂತ ಕೆಳಗಾದಾಗ, ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ ಕೆಂಡದಂತೆ ಕಾದಿದ್ದರೂ ಮುಳ್ಳು ಇಳಿದುಬಿಡುತ್ತದೆ. ಆಗ ಹೀಟರ್ ಹಾಕಿ ನೋಡಿದ್ದರೆ ಬಿಸಿ ಗಾಳಿಯ ಬದಲು ತಣ್ಣನೆಯ ಗಾಳಿ ಬರುತ್ತಿತ್ತು. ನೀರಿಲ್ಲವೆಂಬುದಕ್ಕೆ ಅದಕ್ಕಿಂತ ಸುಲಭವಾದ ಗುರುತು ಬೇರೆ ಇಲ್ಲ.

ಆದ್ದರಿಂದ ಕಾರಣವನ್ನು ಹುಡುಕುವ ಮೊದಲು, ಹೆಡ್ಡಿನ ಕೆಳಗೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಉಳಿದಿದೆಯೇ ಎಂಬುದನ್ನು ತಿಳಿಯಬೇಕು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು, ಕುತ್ತಿಗೆಯವರೆಗೆ ನೀರು ತುಂಬಿಸಿ, ಸ್ಟಾರ್ಟ್ ಮಾಡಿ ನೀರಿನ ಮೇಲ್ಮೈಯನ್ನು ಗಮನಿಸಿರಿ. ಮೊದಲಿಗೆ ಒಂದೆರಡು ಗುಳ್ಳೆ ಬಂದು ನಿಂತರೆ ಅದು ಒಳಗೆ ಸಿಕ್ಕಿಕೊಂಡಿದ್ದ ಗಾಳಿ. ಅನ್ನ ಕುದಿಯುವಂತೆ ಬಿಡದೆ ಗುಳ್ಳೆ ಏಳುತ್ತಿದ್ದು, ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಾದರೆ, ಸಿಲಿಂಡರಿನ ಹೊಗೆ ನೀರಿನೊಳಗೆ ನುಗ್ಗುತ್ತಿದೆ ಎಂದೇ ಅರ್ಥ. ಆಯಿಲ್ ಮುಚ್ಚಳದ ಒಳಗೆ ಹಾಲು ಕಾಫಿಯ ಬಣ್ಣದ ನೊರೆ ಇದ್ದರೆ ಗ್ಯಾಸ್ಕೆಟ್ ಹೋಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ನಮ್ಮ ಮಲೆನಾಡಿನ ಮಳೆಗಾಲದಲ್ಲಿ, ಡೈರಿಗೂ ಅಂಗಡಿಗೂ ಮಾತ್ರ ಓಡುವ ಕಾರಿನಲ್ಲಿ ಬರಿಯ ತೇವದಿಂದಲೂ ಅಂಥ ನೊರೆ ಕಟ್ಟುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲ್ ಕೂಡ ಹಾಗಿದ್ದರೆ ಮಾತ್ರ ಚಿಂತಿಸಬೇಕು.

ಇನ್ನು ಮೂಲ ಕಾರಣದ ವಿಚಾರ. ಕಾರು ಎಲ್ಲಿ ಕಾಯುತ್ತದೆ, ಎಲ್ಲಿ ಕಾಯುವುದಿಲ್ಲ ಎಂಬುದನ್ನು ತಾವೇ ಬರೆದಿದ್ದೀರಿ. ರೇಡಿಯೇಟರಿನ ಕೊಳವೆಗಳು ತೀರಾ ಕಟ್ಟಿಕೊಂಡಿದ್ದರೆ ಶಿವಮೊಗ್ಗದ ದಾರಿಯಲ್ಲಿ 70ರ ವೇಗದಲ್ಲಿ ಹೋಗುವಾಗಲೂ ಮುಳ್ಳು ಏರಬೇಕಿತ್ತು. ಹಾಗಾಗುತ್ತಿಲ್ಲ. ವೇಗವಿದ್ದಾಗ ಗಾಳಿ ತಾನಾಗಿಯೇ ನುಗ್ಗುತ್ತದೆ. ಘಾಟಿಯಲ್ಲಿ ಎರಡನೆಯ ಗೇರಿನಲ್ಲಿ ಎಂಜಿನ್ ತಿಣುಕುವಾಗ ಶಾಖ ಹೆಚ್ಚು, ಗಾಳಿ ಕಡಿಮೆ, ಆಗ ಎಲ್ಲ ಹೊಣೆಯೂ ಫ್ಯಾನಿನದು. ಆ ಫ್ಯಾನಿನ ಮೋಟಾರನ್ನು ಈಚೆಗೆ ಬದಲಿಸಿದ್ದೀರಿ. ಎರಡು ತಂತಿಯ ಈ ಮೋಟಾರಿಗೆ ತಂತಿಗಳನ್ನು ಅದಲುಬದಲು ಮಾಡಿ ಕೊಟ್ಟರೆ ಅದು ಅಷ್ಟೇ ಉತ್ಸಾಹದಿಂದ ಉಲ್ಟಾ ತಿರುಗುತ್ತದೆ. ಸದ್ದಿನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಮುಂದಿನಿಂದ ತಂಪು ಗಾಳಿಯನ್ನು ಎಳೆಯುವ ಬದಲು ಎಂಜಿನ್ ಕಡೆಯ ಬಿಸಿ ಗಾಳಿಯನ್ನು ಮುಂದಕ್ಕೆ ದೂಡುತ್ತದೆ. ನಿಂತ ಕಾರಿನಲ್ಲಿ ಫ್ಯಾನ್ ಓಡುತ್ತಿರುವಾಗ ಗ್ರಿಲ್ಲಿನ ಮುಂದೆ ಅರ್ಧ ಹಾಳೆ ಪತ್ರಿಕೆಯನ್ನು ಹಿಡಿದು ನೋಡಿರಿ. ಒಳಕ್ಕೆ ಅಂಟಿಕೊಳ್ಳಬೇಕು.

ಥರ್ಮೋಸ್ಟಾಟ್ ತೆಗೆಯುವ ಸಲಹೆಯನ್ನು ದಯವಿಟ್ಟು ಒಪ್ಪಬೇಡಿರಿ. ಅದನ್ನು ತೆಗೆದರೆ ಚಳಿಗಾಲದ ಬೆಳಿಗ್ಗೆ ಎಂಜಿನ್ ಬೇಗ ಬಿಸಿಯೇರದೆ ಚೋಕ್ ಎಳೆದುಕೊಂಡೇ ಓಡಿಸಬೇಕಾಗುತ್ತದೆ, ಪೆಟ್ರೋಲ್ ಸೋರಿದಂತೆ ಖರ್ಚಾಗುತ್ತದೆ, ಘಾಟಿಯ ಸಮಸ್ಯೆ ಹಾಗೆಯೇ ಉಳಿಯುತ್ತದೆ. ಸಂದೇಹವಿದ್ದರೆ ಅದನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿರಿ. ಸುಮಾರು 82 ಡಿಗ್ರಿಗೆ ಬಾಯಿ ತೆರೆಯತೊಡಗಿದರೆ ಅದು ನಿರಪರಾಧಿ.

ಮತ್ತೊಬ್ಬರು, ಸಾಗರದಿಂದ

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ರೇಡಿಯೇಟರಿನ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದರ ಸ್ಪ್ರಿಂಗು ಚದರ ಸೆಂಟಿಮೀಟರಿಗೆ ಸುಮಾರು 0.9 ಕೆಜಿ ಒತ್ತಡವನ್ನು ಹಿಡಿದಿಡುವುದರಿಂದಲೇ ಒಳಗಿನ ನೀರು 100ಕ್ಕೆ ಕುದಿಯದೆ 118 ಡಿಗ್ರಿಯ ಆಸುಪಾಸಿನವರೆಗೆ ತಡೆದುಕೊಳ್ಳುತ್ತದೆ. ರಬ್ಬರ್ ಬಿರುಕು ಬಿಟ್ಟಿದ್ದರೆ ಆ ರಕ್ಷಣೆ ಇರುವುದಿಲ್ಲ. ಬಿಸಿಯಿರುವಾಗ ಮಾತ್ರ ಅದನ್ನು ಮುಟ್ಟಬಾರದು. ನನ್ನ ಎಡಗೈಯ ಮೇಲೆ ಅದರ ನೆನಪು ಇನ್ನೂ ಇದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಹೇಳಿದಂತೆಯೇ ಎಲ್ಲವನ್ನೂ ನೋಡಿದೆ. ಅಂಗಳದಲ್ಲಿ ಫ್ಯಾನ್ ಓಡುತ್ತಿರುವಾಗ ಪತ್ರಿಕೆಯ ಹಾಳೆ ಹಿಡಿದರೆ ಅದು ಮುಂದಕ್ಕೆ ಹಾರಿ ತುಳಸಿಕಟ್ಟೆಯ ಬಳಿ ಬಿತ್ತು. ಆಮೇಲೆ ಟಾರ್ಚ್ ಹಾಕಿ ನೋಡಿದಾಗ, ಜೇಡರ ಬಲೆಯ ಎಳೆಗಳೂ ಹುಲ್ಲಿನ ಚೂರುಗಳೂ ರೇಡಿಯೇಟರಿನ ಮುಂಬದಿಗಲ್ಲ, ಎಂಜಿನ್ ಕಡೆಯ ಮೈಗೆ ಅಂಟಿಕೊಂಡಿದ್ದವು. ಆರು ತಿಂಗಳಿಂದ ಕಣ್ಣೆದುರಿಗೇ ಇತ್ತು. ಮುಚ್ಚಳದ ರಬ್ಬರ್ ಕೂಡ ಬಿರಿದಿದೆ. ಬೇಸರದ ಸಂಗತಿಯೆಂದರೆ ಬೆಳಗಿನ ಪರೀಕ್ಷೆಯಲ್ಲಿ ಗುಳ್ಳೆಗಳು ನಿಲ್ಲಲೇ ಇಲ್ಲ. ಗ್ಯಾಸ್ಕೆಟ್ ಹಾಕಿಸಿ, ಫ್ಯಾನಿನ ತಂತಿ ಸರಿಪಡಿಸಿದರೆ ಸಾಕೇ?

ಉತ್ತರ

ಗ್ಯಾಸ್ಕೆಟ್ ಒಂದನ್ನೇ ಬದಲಿಸಿ ಮುಚ್ಚಿಬಿಟ್ಟರೆ ಸಾಲದು. ಅಲ್ಯೂಮಿನಿಯಂ ಹೆಡ್ ಒಮ್ಮೆ ನೀರಿಲ್ಲದೆ ಕಾದ ಮೇಲೆ ಸೊಟ್ಟಗಾಗಿರುತ್ತದೆ ಎಂದೇ ಇಟ್ಟುಕೊಳ್ಳಬೇಕು. ಹೆಡ್ಡಿನ ಮೇಲೆ ನೇರಪಟ್ಟಿಯನ್ನು ಉದ್ದಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಕೆಳಗೆ ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಿ ನೋಡುವಂತೆ ಕೇಳಿರಿ, 0.05 ಮಿಲಿಮೀಟರ್ ಮೀರಿದ್ದರೆ ಲೇತಿನವರಲ್ಲಿ ಫೇಸಿಂಗ್, ಅಂದರೆ ಮೈ ಸಮತಟ್ಟು ಮಾಡಿಸಲೇಬೇಕು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವಿಚಾರಿಸಿ, ಕೆಲಸ ಮುಗಿಯುವವರೆಗೆ ತಾವೂ ಅಲ್ಲೇ ಇದ್ದರೆ ಒಳ್ಳೆಯದು.

ಹೆಡ್ ಇಳಿಸಿರುವಾಗಲೇ ರೇಡಿಯೇಟರನ್ನೂ ತೊಳೆಸಿರಿ, ಇನ್ನು ಮೇಲೆ ಬಾವಿಯ ನೀರನ್ನು ಹಾಕಬೇಡಿರಿ. ಡಿಸ್ಟಿಲ್ಡ್ ವಾಟರಿಗೆ ಸಮಪಾಲು ಕೂಲಂಟ್ ಬೆರೆಸಿ ತುಂಬಿರಿ. ಕೂಲಂಟ್ ಇಳಿಸುವ ಪ್ರಸಂಗ ಬಂದರೆ ಹಳೆಯದನ್ನು ಕೊಟ್ಟಿಗೆಯ ಕಡೆ ಚೆಲ್ಲಬಾರದು, ಅದು ಸಿಹಿಯಾಗಿರುವುದರಿಂದ ನಾಯಿಯೋ ಕರುವೋ ನೆಕ್ಕಿದರೆ ಪ್ರಾಣಕ್ಕೇ ಅಪಾಯ. ತುಂಬುವಾಗ ಕಾರಿನ ಮೂತಿಯನ್ನು ಅಂಗಳದ ಏರಿನ ಕಡೆಗೆ ನಿಲ್ಲಿಸಿ, ಹೀಟರಿನ ಹಿಡಿಯನ್ನು ಪೂರ್ತಿ ಬಿಸಿಗೆ ಇಟ್ಟು, ಗಾಳಿಯೆಲ್ಲ ಹೊರಟು ಮಟ್ಟ ಇಳಿಯುವುದು ನಿಲ್ಲುವವರೆಗೆ ಎಂಜಿನ್ ಓಡಿಸುತ್ತ ಸ್ವಲ್ಪಸ್ವಲ್ಪವೇ ತುಂಬಿರಿ. ಮುಚ್ಚಳ ಹಾಕಿದ ಮೇಲೆ ಫ್ಯಾನ್ ಎರಡು ಸಲ ತಾನಾಗಿ ಓಡಿ ನಿಲ್ಲುವುದನ್ನು ಕಣ್ಣಾರೆ ಕಂಡೇ ಎಂಜಿನ್ ಬಂದ್ ಮಾಡಿರಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಹೆಡ್ ನಿಜಕ್ಕೂ ಸೊಟ್ಟಗಾಗಿತ್ತು. ಫೇಸಿಂಗ್ ಆಗಿದೆ, ಮುಚ್ಚಳ ಹೊಸದು, ಥರ್ಮೋಸ್ಟಾಟ್ ಪಾತ್ರೆಯ ಪರೀಕ್ಷೆಯಲ್ಲಿ ಗೆದ್ದು ಹಳೆಯದೇ ಉಳಿದಿದೆ. ಫ್ಯಾನಿನ ತಂತಿಗಳನ್ನು ನಾನೇ ಬದಲಿಸಿ, ಮತ್ತೆ ತಪ್ಪದಂತೆ ಒಂದಕ್ಕೆ ಕೆಂಪು ಟೇಪು ಸುತ್ತಿದ್ದೇನೆ. ನಿನ್ನೆ ನಾಲ್ಕು ಜನ ಕುಳಿತು ಸೋಮೇಶ್ವರದಿಂದ ಹತ್ತಿದೆವು. ಹತ್ತನೆಯ ತಿರುವಿನ ಬಳಿ ಫ್ಯಾನ್ ಓಡತೊಡಗಿತು, ಮುಳ್ಳು ಅರ್ಧವನ್ನು ದಾಟಲಿಲ್ಲ. ಆದರೆ ಈ ಒಂದು ವಾರದಲ್ಲಿ ರಿಸರ್ವ್ ಬಾಟಲಿಯ ಮಟ್ಟ ಒಂದು ಬೆರಳಿನಷ್ಟು ಇಳಿದಿದೆ. ಬೆಳಗಿನ ಪರೀಕ್ಷೆಯಲ್ಲಿ ಗುಳ್ಳೆ ಇಲ್ಲ.

ಉತ್ತರ

ಹೊಸದಾಗಿ ತುಂಬಿದಾಗ ಉಳಿದ ಗಾಳಿ ಹೊರಟಂತೆ ಅಷ್ಟು ಇಳಿಯುವುದುಂಟು. ತಣ್ಣಗಿರುವಾಗ ಗುರುತಿನವರೆಗೆ ತುಂಬಿ ಇನ್ನೊಂದು ವಾರ ನೋಡಿರಿ. ಮತ್ತೆ ಇಳಿದರೆ ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ಕೈಯಾಡಿಸಿರಿ. ಅಂಟಂಟಾದ ಒದ್ದೆ ಸಿಕ್ಕರೆ ಹೀಟರಿನ ಹೋಸ್ ಕ್ಲಿಪ್ ಸಡಿಲವಾಗಿರಬಹುದು.