ಸಹಾಯ ಬೇಕು: ಅವ್ವನ ಆನೆಕಾಲಿಗೆ ಪಟ್ಟಿ ಸುತ್ತೋದು ಕಲಿಸೋರು ಯಾರಿದ್ದಾರ?

ನಮಸ್ಕಾರ್ರಿ ಎಲ್ಲರಿಗೂ. ನಮ್ಮದು ಶಹಾಪುರ ತಾಲೂಕು. ಅವ್ವಗ 58 ವರ್ಷ. ಆನೆಕಾಲು ರೋಗದಿಂದ ಎಡಗಾಲು ಬಾತು 12 ವರ್ಷ ಆಯ್ತು. ಮೊದಲು ರಾತ್ರಿ ಕಾಲು ಎತ್ತರಕ್ಕಿಟ್ಟು ಮಲಗಿದರೆ ಇಳೀತಿತ್ತು, ಈಗ ಬೆಳಿಗ್ಗೆನೂ ಹಂಗೇ ಇರ್ತದ. ಹತ್ತಿ ಬಿಡಿಸೋ ದಿನ ಸಂಜೆಗೆ ಚಪ್ಪಲಿ ಹಿಡಿಯೋದಿಲ್ಲ.

ಹೋದ ಮಳೆಗಾಲದಾಗ 3 ಸಲ ಚಳಿಜ್ವರ ಬಂದು ಕಾಲು ಕೆಂಪಗಾಯ್ತು. ಪ್ರತಿ ಸಲ ಬಾವು ಇನ್ನಷ್ಟು ಏರಿತು. ಬೆರಳ ಸಂದಿಯ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗ್ತದ ಅಂತ ಡಾಕ್ಟರ್ ಹೇಳಿದ ಮ್ಯಾಲೆ ದಿನಾ ಸಾಬೂನು ಹಚ್ಚಿ ತೊಳೆದು, ಸಂದಿ ಒಣಗೋ ಹಂಗ ಮೆತ್ತಗೆ ಒರೆಸಿ, ಮುಲಾಮು ಹಚ್ತೀನಿ. 4 ತಿಂಗಳಾಯ್ತು, ಜ್ವರ ಬಂದಿಲ್ಲ. ಇಷ್ಟು ಸಣ್ಣ ಕೆಲಸ ಮೊದಲೇ ಯಾರೂ ಹೇಳಿಕೊಡಲಿಲ್ಲಲ್ಲ ಅಂತ ಹೊಟ್ಟೆ ಉರೀತದ.

ಡಿಇಸಿ ಗುಳಿಗೆ ಆನೆಕಾಲು ತರೋ ಹುಳು ಕೊಲ್ಲಾಕ, ಹಳೇ ಬಾವು ಇಳಿಸಾಕಲ್ಲ. ಅದಕ್ಕ ಗುಳಿಗೆ, ಲೇಪದ ಸಲಹೆ ಬ್ಯಾಡ್ರಿ. ಬರೆ ಹಾಕಿಸೋ ಮಾತಂತೂ ಬ್ಯಾಡವೇ ಬ್ಯಾಡ.

ಪಾದದ ಕಡೆ ಬಿಗಿ, ಮ್ಯಾಲೆ ಹೋದಂಗ ಸಡಿಲ, ಹಿಂಗ ಪದರ ಪದರ ಪಟ್ಟಿ ಸುತ್ತೋದನ್ನ ಕೈಹಿಡಿದು ಕಲಿಸೋ ಫಿಸಿಯೋಥೆರಪಿಸ್ಟ್ ಕಲಬುರಗಿ ಅಥವಾ ಯಾದಗಿರಿಯಾಗ ಇದ್ದಾರೇನು? ಅಂಗಡಿಯ ಎಲಾಸ್ಟಿಕ್ ಪಟ್ಟಿ ನಾನೇ ಸುತ್ತಿದ್ದೆ. ಮೊಣಕಾಲ ಕೆಳಗೆ ಬಿಗಿದು ಪಾದ ಇನ್ನೂ ಬಾತಿತು. ಅವ್ವ ಅವತ್ತು ನೋವು ತಡೀಲಾರದೆ ಅತ್ತಳು, ಅದಕ್ಕ ಮತ್ತೆ ಮುಟ್ಟಾಕ ಧೈರ್ಯ ಇಲ್ಲ.

ಆನೆಕಾಲಿಗೆ ಚಿಕಿತ್ಸೆ ಕೊಡೋ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಗೆ ಹೋಗಿ ಬಂದವರು ಇದ್ದರೂ ಹೇಳ್ರಿ. ಎಷ್ಟು ದಿನ ಉಳೀಬೇಕು, ಖರ್ಚು ಎಷ್ಟಾಯ್ತು? ಅವ್ವಗ ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಗುಳಿಗೆ ಒಂದು ನಡದದ.