ಓಣಂ ರಜೆಗೆ ಶಿಮ್ಲಾ–ಮನಾಲಿ: ಅಮ್ಮ, ಇಬ್ಬರು ಮಕ್ಕಳ ಜೊತೆ ಆರು ದಿನದಲ್ಲಿ ಆಗ್ತದಾ?

ಬದಿಯಡ್ಕ ಮನೆ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಿಂದ ನಾವು ಐದು ಜನ ಹೊರಡುವ ಯೋಚನೆಯಲ್ಲಿದ್ದೇವೆ: ನಾನು, ಮನೆಯವಳು, ಅಮ್ಮ (74 ವರ್ಷ, ಮೊಣಕಾಲು ನೋವು, ಬಿಪಿ ಮಾತ್ರೆ ಉಂಟು), ಮಕ್ಕಳು 10 ಮತ್ತು 6. ಅಮ್ಮನಿಗೆ ಹಿಮಾಲಯದ ಗಾಳಿ ಒಮ್ಮೆ ಕುಡಿಯಬೇಕು ಅಂತ ಬಹಳ ಆಸೆ.

ಓಣಂ ರಜೆಯಲ್ಲಿ ಆರು ದಿನ ಸಿಗ್ತದೆ. ಏಜೆಂಟರು ಕೊಟ್ಟ ಪ್ಲಾನ್ ಹೀಗುಂಟು: ದೆಹಲಿ, ಶಿಮ್ಲಾ, ಕುಫ್ರಿ, ಮನಾಲಿ, ವಾಪಸು ದೆಹಲಿ. ನಮಗೆ ಓಡಾಟಕ್ಕಿಂತ ಆರಾಮ ಮುಖ್ಯ. ಸಣ್ಣವನಿಗೆ ಸಂಪಾಜೆ ಘಾಟಿಯಲ್ಲೇ ವಾಂತಿ ಆಗ್ತದೆ. ಅಮ್ಮನಿಗೆ ರಾತ್ರಿ ಗಂಜಿ ಬೇಕು. ಈ ಪ್ಲಾನ್ ಆದೀತಾ? ಇಲ್ಲದಿದ್ದರೆ ಎಂತ ಬದಲಾಯಿಸಬೇಕು? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಚಂದ್ರಗಿರಿ ತೀರ

ಮೊದಲು ತಿಂಗಳು ಬದಲಾಯಿಸಿ, ಆಮೇಲೆ ಊರು ನೋಡುವ.

ಓಣಂ ರಜೆ ಬರುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ. ಹಿಮಾಚಲದಲ್ಲಿ ಮಳೆ ಜೋರಾಗಿರುವುದೂ ಆಗಲೇ. ನಮ್ಮ ಕಡೆ ಮಳೆ ಎಂದರೆ ನೀರು ಹರಿದು ತೋಡು ಸೇರ್ತದೆ, ಅಲ್ಲಿ ಮಳೆ ಎಂದರೆ ಗುಡ್ಡವೇ ರಸ್ತೆಗೆ ಇಳಿಯುತ್ತದೆ. 2023ರ ಆಗಸ್ಟಿನಲ್ಲಿ ಶಿಮ್ಲಾದ ಸಮ್ಮರ್ ಹಿಲ್ ಹತ್ತಿರ ಗುಡ್ಡ ಜರಿದು ಜನ ಸತ್ತರು. ಕಾಲ್ಕಾ–ಶಿಮ್ಲಾ ರೈಲು ಹಳಿಯ ಅಡಿಯ ಮಣ್ಣೇ ಕೊಚ್ಚಿ ಹೋಗಿ ಹಳಿ ಗಾಳಿಯಲ್ಲಿ ನೇತಾಡುತ್ತಿತ್ತು. ಪ್ರತಿ ವರ್ಷ ಅಷ್ಟು ಆಗುವುದಿಲ್ಲ, ಆದರೆ ಅರ್ಧ ದಿನ ರಸ್ತೆ ಬಂದ್ ಆಗುವುದು ಮಳೆಗಾಲದಲ್ಲಿ ಅಲ್ಲಿ ಮಾಮೂಲು. 74ರ ಅಮ್ಮನನ್ನು ಕಾರಿನಲ್ಲಿ ಆರು ಗಂಟೆ ಕೂರಿಸಿಕೊಂಡು ಜೆಸಿಬಿ ಬರುವುದನ್ನು ಕಾಯಬೇಕಾದೀತು. ಇಷ್ಟೆಲ್ಲ ಆಗಿಯೂ ಮಂಜಿನಲ್ಲಿ ಬೆಟ್ಟ ಕಾಣುವುದಿಲ್ಲ.

ಕ್ರಿಸ್‌ಮಸ್ ರಜೆಯೂ ಬೇಡ. ಅಮ್ಮನಿಗೆ ಆ ಚಳಿ ಹೆಚ್ಚಾಯಿತು, ಹೊಸ ವರ್ಷದ ನೂಕುನುಗ್ಗಲು ಬೇರೆ.

ನಮ್ಮ ಮಕ್ಕಳಿಗೆ ಮಾರ್ಚ್ ಕೊನೆಗೆ ಶಾಲೆ ಮುಗಿಯುತ್ತದೆ. ಇದು ಕಾಸರಗೋಡಿನವರಿಗಿರುವ ದೊಡ್ಡ ಅನುಕೂಲ. ದೆಹಲಿ ಕಡೆ ಶಾಲೆಗೆ ರಜೆ ಸಿಗುವುದು ಮೇ ನಡುವಿಗೆ, ಆಮೇಲೆ ಇಡೀ ಬಯಲುಸೀಮೆ ಬೆಟ್ಟ ಹತ್ತುತ್ತದೆ. 2018ರ ಮೇ ಕೊನೆಯಲ್ಲಿ ಶಿಮ್ಲಾದಲ್ಲಿ ಕುಡಿಯುವ ನೀರಿಗೇ ತತ್ವಾರವಾಗಿ ಪ್ರವಾಸಿಗರು ಬರಬೇಡಿ ಎನ್ನುವ ಪರಿಸ್ಥಿತಿ ಬಂದಿತ್ತು. ವಿಷು ಕಣಿ ನೋಡಿ, ಏಪ್ರಿಲ್ 18ರಿಂದ 30ರ ಒಳಗೆ ಹೋಗಿ ಬನ್ನಿ. ಹಗಲು 20 ಡಿಗ್ರಿ ಆಸುಪಾಸು, ರಾತ್ರಿ 10–12. ಭಾನುವಾರ ಊರು ಬಿಟ್ಟು ಶುಕ್ರವಾರ ಇಳಿದರೆ ವಾರಾಂತ್ಯದ ರಶ್ ಕೂಡ ತಪ್ಪುತ್ತದೆ.

ಇನ್ನು ಮನಾಲಿ. ಶಿಮ್ಲಾದಿಂದ ಸುಮಾರು 250 ಕಿ.ಮೀ., ಏಳೆಂಟು ಗಂಟೆ, ಪೂರ್ತಿ ತಿರುವು. ಸಂಪಾಜೆಯಿಂದ ಮಡಿಕೇರಿಗೆ ಸುಮಾರು 30 ಕಿ.ಮೀ. ಘಾಟಿಗೇ ವಾಂತಿ ಮಾಡುವ ಮಗುವಿಗೆ ಅದು ಶಿಕ್ಷೆ. ಆರು ದಿನದಲ್ಲಿ ನಮ್ಮ ಊರಿನಿಂದ ಹೋಗಿ ಬರುವುದಕ್ಕೇ ಎರಡು ದಿನ ಬೇಕು. ಉಳಿಯುವ ನಾಲ್ಕು ದಿನಕ್ಕೆ ಒಂದೇ ಊರು, ಒಂದೇ ಕೋಣೆ ಸಾಕು. ದಿನಾ ಪೆಟ್ಟಿಗೆ ಕಟ್ಟಿ ಬಿಚ್ಚುವುದೇ ವಯಸ್ಸಾದವರನ್ನು ಹೈರಾಣ ಮಾಡುವುದು. ಕುಫ್ರಿಯನ್ನೂ ತೆಗೆದುಬಿಡಿ. ಕುದುರೆ ಮೇಲೆ ಕೆಸರಿನಲ್ಲಿ ಹೋಗುವುದೇ ಅಲ್ಲಿ ಮುಖ್ಯ, ಮೊಣಕಾಲು ನೋವಿದ್ದವರಿಗೆ ಆಗುವ ಕೆಲಸವಲ್ಲ.

ಕುಂಬಳೆ ಅಕ್ಕ

ಮೇಲಿನವರು ಹೇಳಿದ್ದು ಸರಿ. ಕೋಣೆ ವಿಷಯ ನಾನು ಹೇಳ್ತೇನೆ, ಯಾಕೆಂದರೆ ಅಮ್ಮನ ಪ್ರವಾಸ ಸುಖವಾಗುವುದೂ ಕೆಡುವುದೂ ಅಲ್ಲೇ.

ಬೆಟ್ಟದ ಊರಿನಲ್ಲಿ ಹೋಟೆಲನ್ನು ಇಳಿಜಾರಿಗೆ ಅಂಟಿಸಿ ಕಟ್ಟಿರ್ತಾರೆ. ಎಷ್ಟೋ ಕಡೆ ರಸ್ತೆ ಮಟ್ಟದಲ್ಲಿರುವ ರಿಸೆಪ್ಷನ್ನೇ ಎಲ್ಲಕ್ಕಿಂತ ಮೇಲಿನ ಮಹಡಿ, ಕೋಣೆಗಳು ಅದರ ಕೆಳಗೆ ಕೆಳಗೆ ಇಳಿಯುತ್ತಾ ಹೋಗ್ತವೆ. “ಎರಡನೇ ಮಹಡಿ” ಅಂದರೆ ಎರಡು ಮಹಡಿ ಕೆಳಗೆ ಇರಬಹುದು. ಹಾಗಾಗಿ “ಗ್ರೌಂಡ್ ಫ್ಲೋರ್ ಕೊಡಿ” ಅಂತ ಕೇಳಿದರೆ ಸಾಲದು. ಕೇಳಬೇಕಾದ್ದು ಹೀಗೆ: ಕಾರು ನಿಲ್ಲುವ ಜಾಗದಿಂದ ಕೋಣೆಯ ಬಾಗಿಲಿಗೆ ಒಟ್ಟು ಎಷ್ಟು ಮೆಟ್ಟಿಲು? ಹತ್ತುವುದಾ, ಇಳಿಯುವುದಾ? ಕೈಹಿಡಿ ಉಂಟಾ? ಊಟದ ಕೋಣೆಗೆ ಪುನಃ ಎಷ್ಟು? ಮೊಣಕಾಲು ನೋವಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಕಷ್ಟ ಅಂತ ಮರೆಯಬೇಡಿ. ಕಾರಿನಿಂದ ಕೋಣೆ ತನಕ ನಡೆಯುತ್ತಾ ಒಂದು ವಿಡಿಯೋ ತೆಗೆದು ವಾಟ್ಸಾಪ್ ಮಾಡಿ ಅನ್ನಿ. ಒಳ್ಳೆಯ ಹೋಟೆಲಿನವರು ಎರಡು ನಿಮಿಷದಲ್ಲಿ ಕಳಿಸ್ತಾರೆ. ಕಳಿಸದಿದ್ದರೆ ಅಲ್ಲಿ ಬುಕ್ ಮಾಡಬೇಡಿ.

ಆಮೇಲೆ ಬಿಸಿಲು. ದಕ್ಷಿಣಕ್ಕೋ ಪೂರ್ವಕ್ಕೋ ಕಿಟಕಿ ಇರುವ ಕೋಣೆ ಕೇಳಿ. ಉತ್ತರಕ್ಕೆ ಮುಖ ಮಾಡಿದ ಕೋಣೆಯ ಗೋಡೆ ಏಪ್ರಿಲಿನಲ್ಲೂ ತಣ್ಣಗೆ ಕೊರೆಯುತ್ತದೆ. ಬಾತ್‌ರೂಮಿನಲ್ಲಿ ಕಮೋಡ್ ಉಂಟಾ, ಗೀಸರ್ ಇಡೀ ದಿನವಾ ಅಥವಾ ಬೆಳಿಗ್ಗೆ ಮಾತ್ರವಾ, ಹೀಟರಿಗೆ ಬೇರೆ ದುಡ್ಡಾ ಅಂತಲೂ ಕೇಳಿಡಿ. ಕೆಂಡದ ಅಂಗೀಠಿ ಕೊಡ್ತೇವೆ ಅಂದರೆ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗ್ತದೆ.

ಇಷ್ಟೆಲ್ಲ ನೋಡಿದರೆ ಶಿಮ್ಲಾಕ್ಕಿಂತ ಕಸೌಲಿ ನಿಮಗೆ ಒಳ್ಳೆಯದು. ಸುಮಾರು 1,800 ಮೀಟರ್ ಎತ್ತರ, ಚಂಡೀಗಢದಿಂದ 60 ಕಿ.ಮೀ. ಆಚೀಚೆ, ಎರಡು–ಎರಡೂವರೆ ಗಂಟೆ. ಪರ್ವಾಣೂ ದಾಟಿದ ಮೇಲೂ ಧರಂಪುರ ತನಕ ನಾಲ್ಕು ಪಥದ ಹೆದ್ದಾರಿ ಇರುವ ಕಾರಣ ತಿರುವು ಅಷ್ಟು ಬಿಗಿ ಇಲ್ಲ. ಕಂಟೋನ್ಮೆಂಟ್ ಊರು, ಗದ್ದಲ ಕಡಿಮೆ. ಅಪ್ಪರ್ ಮಾಲ್ ರಸ್ತೆಯಲ್ಲಿ ಹೆಚ್ಚು ಏರಿಳಿತ ಇಲ್ಲದೆ ಪೈನ್ ಮರದಡಿ ನಿಧಾನ ನಡೆಯಬಹುದು. ಆಕಾಶ ತಿಳಿಯಾಗಿದ್ದರೆ ರಾತ್ರಿ ಕೆಳಗೆ ಚಂಡೀಗಢದ ದೀಪಗಳು ಕಾಣ್ತವೆ.

ಚಂದ್ರಗಿರಿ ತೀರ

ಅಕ್ಕ, ಕಸೌಲಿಗೆ ನನ್ನ ವಿರೋಧ ಇಲ್ಲ. ಆದರೆ ಶಿಮ್ಲಾದ ಪರವಾಗಿ ಎರಡು ಮಾತು. ಒಂದು, ಆಸ್ಪತ್ರೆ. ಶಿಮ್ಲಾದಲ್ಲಿ ಇಂದಿರಾ ಗಾಂಧಿ ಮೆಡಿಕಲ್ ಕಾಲೇಜು ಊರೊಳಗೇ ಇದೆ. ಕಸೌಲಿಯಲ್ಲಿ ಜೋರು ತೊಂದರೆ ಆದರೆ ಸೋಲನ್ನಿಗೋ ಚಂಡೀಗಢಕ್ಕೋ ಇಳಿಯಬೇಕು. ಎರಡು, ಪೇಟೆಯ ಮಾಲ್ ರಸ್ತೆ ಮತ್ತು ರಿಡ್ಜ್ ಎಂಬ ಬಯಲಿಗೆ ವಾಹನ ಬಿಡುವುದಿಲ್ಲ, ಮಕ್ಕಳ ಕೈ ಬಿಟ್ಟು ನಡೆಯಬಹುದು. ಕೆಳಗಿನ ಕಾರ್ಟ್ ರೋಡಿನಿಂದ ಮಾಲ್‌ಗೆ ಎರಡು ಹಂತದ ಲಿಫ್ಟ್ ಉಂಟು, ಅಮ್ಮ ಹತ್ತಬೇಕಾಗಿಲ್ಲ. 1888ರ ವೈಸ್‌ರೀಗಲ್ ಲಾಡ್ಜ್, ಈಗಿನ ಉನ್ನತ ಅಧ್ಯಯನ ಸಂಸ್ಥೆ, ನಿಜಕ್ಕೂ ನೋಡುವಂಥದ್ದು. 1945ರ ಶಿಮ್ಲಾ ಸಮ್ಮೇಳನ ನಡೆದದ್ದು ಅಲ್ಲೇ. ಸೋಮವಾರ ಮುಚ್ಚಿರುತ್ತದೆ.

ಆದರೆ ಶಿಮ್ಲಾ ಅಂದರೆ ಹೋಟೆಲ್ ಮಾಲ್ ಮೇಲೆ ಇರಬಾರದು. ಕಾರು ಕಾರ್ಟ್ ರೋಡಿನಲ್ಲೇ ನಿಲ್ಲುವುದರಿಂದ ಸಾಮಾನಿಗೆ ಕೂಲಿಯವರು, ಲಿಫ್ಟಿಗೆ ಸಾಲು, ಆಮೇಲೆ ನಡಿಗೆ. ನೀವು ಹೇಳಿದ ಮೆಟ್ಟಿಲಿನ ಲೆಕ್ಕ ಅಲ್ಲಿ ಇನ್ನೂ ಮುಖ್ಯ. ಜಾಖೂ ದೇವಸ್ಥಾನಕ್ಕೆ ರೋಪ್‌ವೇ ಉಂಟು, 108 ಅಡಿಯ ಹನುಮಂತ ಉಂಟು, ಜೊತೆಗೆ ಕನ್ನಡಕ ಕಸಿಯುವ ಕೋತಿಗಳೂ ಉಂಟು. ಅಲ್ಲಿಗೆ ಹೋಗುವುದಾದರೆ ಕನ್ನಡಕ ತೆಗೆದು ಒಳಗಿಡಿ, ಅಮ್ಮನ ಎರಡನೇ ಜೋಡಿ ಬ್ಯಾಗಿನಲ್ಲಿರಲಿ.

ಬದಿಯಡ್ಕ ಮನೆ

ಇಬ್ಬರಿಗೂ ತುಂಬಾ ಉಪಕಾರ. ಏಪ್ರಿಲ್, ಕಸೌಲಿ ಅಂತ ಮನೆಯಲ್ಲಿ ಒಪ್ಪಿದ್ದಾರೆ. ಆದರೆ ದೊಡ್ಡವಳು ಕಾಲ್ಕಾ–ಶಿಮ್ಲಾ ಪುಟಾಣಿ ರೈಲು ಬಿಡುವುದಿಲ್ಲ ಅಂತ ಹಟ. ಐದೂವರೆ ಗಂಟೆ ಅಮ್ಮ ಕೂರುವುದು ಕಷ್ಟ. ದಾರಿ ಉಂಟಾ? ಮತ್ತೆ ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲೇ ಹೋದರೆ ಹೇಗೆ?

ಉಪ್ಪಳ ಸ್ಟೇಷನ್ ರೋಡ್

ಮಂಗಳಾದಲ್ಲಿ ದೆಹಲಿ ತಲುಪಲು ಎರಡು ರಾತ್ರಿ. ಹೋಗಿ ಬರಲು ನಾಲ್ಕು ದಿನ ರೈಲಿಗೇ ಹೋದರೆ ಬೆಟ್ಟಕ್ಕೆ ಎಂತ ಉಳಿಯಿತು? ಹತ್ತು ದಿನ ಇರುವವರಿಗೆ ಅದು ಚಂದ. ನೀವು ಮಂಗಳೂರಿನಿಂದ ವಿಮಾನ ಹಿಡಿದು, ಬೆಂಗಳೂರಿನಲ್ಲೋ ದೆಹಲಿಯಲ್ಲೋ ಒಮ್ಮೆ ಬದಲಿಸಿ ಚಂಡೀಗಢಕ್ಕೆ ಇಳಿಯಿರಿ. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ಮಾಡಿದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಲ್ಲ, ಪುನಃ ಹಣ ಕೊಟ್ಟು ಕೊಳ್ಳಬೇಕು. ಅಮ್ಮನಿಗೆ ಬುಕ್ ಮಾಡುವಾಗಲೇ ವೀಲ್‌ಚೇರ್ ಹಾಕಿಸಿ. ನಡೆಯಲು ಆಗ್ತದೆ ಅಂತ ಸುಮ್ಮನಾಗಬೇಡಿ, ದೊಡ್ಡ ವಿಮಾನ ನಿಲ್ದಾಣದಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ಬಹಳ ದೂರ. ಸಂಜೆ ಇಳಿದರೆ ಆ ರಾತ್ರಿ ಚಂಡೀಗಢದಲ್ಲೇ ಮಲಗಿ, ಬೆಟ್ಟದ ರಸ್ತೆ ಹಗಲಿಗಿರಲಿ. ಐದು ಜನ, ಸಾಮಾನು ಅಂದರೆ ಡಿಜೈರ್ ಸಾಲದು. ಎರ್ಟಿಗಾ ಅಥವಾ ಇನ್ನೋವಾ ಮಾಡಿ, ಅಮ್ಮನಿಗೆ ಮುಂದಿನ ಸೀಟು.

ಪುಟಾಣಿ ರೈಲಿಗೆ ದಾರಿ ಉಂಟು. 1903ರಲ್ಲಿ ಸುರುವಾದ ಈ ಹಳಿ ಕಾಲ್ಕಾದಿಂದ ಶಿಮ್ಲಾಕ್ಕೆ ಒಟ್ಟು 96 ಕಿ.ಮೀ., ಹಳಿಯ ಅಗಲ ಬರೀ 762 ಮಿ.ಮೀ. ಪೂರ್ತಿ ಹೋಗಬೇಕಾಗಿಲ್ಲ. ಕಸೌಲಿಯಿಂದ ಕಾರಿನಲ್ಲಿ ಧರಂಪುರಕ್ಕೆ ಇಳಿದು, ಅಲ್ಲಿ ರೈಲು ಹತ್ತಿ ಸೋಲನ್ನಿನಲ್ಲಿ ಇಳಿದರೆ ಸುಮಾರು 14 ಕಿ.ಮೀ., ಒಂದು ಗಂಟೆಯ ಆಸುಪಾಸು. ಇಡೀ ಮಾರ್ಗದ ಅತಿ ಉದ್ದದ ಸುರಂಗ, 33ನೇ ನಂಬರಿನ ಬಡೋಗ್ ಸುರಂಗ, ಈ ತುಂಡಿನಲ್ಲೇ ಬರ್ತದೆ. 1,143 ಮೀಟರ್! ಸುರಂಗ ದಾಟಿದ ಕೂಡಲೇ ಬಡೋಗ್ ಸ್ಟೇಷನ್, ಹಳೇ ಕಾಲದ ಚಂದದ ಕಟ್ಟಡ. ಚಾಲಕ ಖಾಲಿ ಕಾರು ತೆಗೆದುಕೊಂಡು ಸೋಲನ್ನಿಗೆ ಬಂದು ಕಾಯಲಿ. ವಾಪಸು ಕಾರಿನಲ್ಲಿ.

ಗಮನಿಸಬೇಕಾದ್ದು ಮೂರು. ಎಲ್ಲ ಗಾಡಿಯೂ ಧರಂಪುರದಲ್ಲಿ ನಿಲ್ಲುವುದಿಲ್ಲ, ರೈಲ್ವೆಯ ಎನ್‌ಟಿಇಎಸ್ ಆ್ಯಪಿನಲ್ಲಿ ನಿಲುಗಡೆ ನೋಡಿ. ಮಧ್ಯಾಹ್ನ 12ರ ಸುಮಾರಿಗೆ ಕಾಲ್ಕಾ ಬಿಡುವ ಹಿಮಾಲಯನ್ ಕ್ವೀನ್ ಹೊತ್ತಿಗೆ ಸರಿಹೊಂದುತ್ತದೆ, ಅದರಿಂದ ಸುರು ಮಾಡಿ ಹುಡುಕಿ. ಐಆರ್‌ಸಿಟಿಸಿಯಲ್ಲಿ ಧರಂಪುರ ಅಂತ ಹೊಡೆದಾಗ ಕೊನೆಗೆ ‘ಹಿಮಾಚಲ್’ ಇರುವುದನ್ನೇ ಆರಿಸಿ. ರಿಸರ್ವೇಶನ್ ತೆರೆಯುವುದು 60 ದಿನ ಮೊದಲು, ಏಪ್ರಿಲ್ 20ಕ್ಕೆ ಫೆಬ್ರವರಿ ಮೂರನೇ ವಾರದಲ್ಲೇ ನೋಡಬೇಕು.

ಕುಂಬಳೆ ಅಕ್ಕ

ಆಹಾ, ಈ ಧರಂಪುರ–ಸೋಲನ್ ಉಪಾಯ ಬಹಳ ಒಳ್ಳೆಯದು. ಈಗ ಅಮ್ಮನ ಗಂಜಿ.

ಎತ್ತರಕ್ಕೆ ಹೋದ ಹಾಗೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಕಸೌಲಿ ಎತ್ತರದಲ್ಲಿ 94 ಡಿಗ್ರಿ ಹತ್ತಿರ. ತೆರೆದ ಪಾತ್ರೆಯಲ್ಲಿ ನಮ್ಮ ಕುಚ್ಚಿಲಕ್ಕಿ ಬೇಯಲು ಊರಿಗಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ ಊರಲ್ಲೇ ಕುಚ್ಚಿಲಕ್ಕಿಯನ್ನು ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಮಿಕ್ಸಿಯಲ್ಲಿ ತರಿ ಮಾಡಿಕೊಳ್ಳಿ, ಸಣ್ಣ ರವೆಯಷ್ಟು. ನಾಲ್ಕು ರಾತ್ರಿಗೆ ಅರ್ಧ ಕಿಲೋ ಧಾರಾಳ ಆಯಿತು. ಸಂಜೆ ನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟು, ಹೋಟೆಲಿನ ಅಡುಗೆಯವರಿಗೆ ಕೊಟ್ಟರೆ ಇಪ್ಪತ್ತು ನಿಮಿಷದಲ್ಲಿ ಗಂಜಿ. ಅಡುಗೆಮನೆ ಬಿಟ್ಟುಕೊಡುವ ಹೋಂಸ್ಟೇ ಆದರೆ ಇನ್ನೂ ಸುಲಭ. ಮಕ್ಕಳಿಗೆ ಅಲ್ಲಿ ಸಿದ್ದು ಕೊಡಿಸಿ, ಗೋಧಿ ಹಿಟ್ಟನ್ನು ಹುದುಗಿಸಿ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ್ದು, ಮೇಲಿಂದ ತುಪ್ಪ. ನಮ್ಮ ಕಡುಬಿನ ನೆಂಟ. ಅಮ್ಮನಿಗೂ ಹಿಡಿಸೀತು.

ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ, ಬೆಂಕಿ ಹತ್ತುವ ವಸ್ತು ಅಂತ ತೆಗೆಸ್ತಾರೆ. ಚಟ್ನಿಪುಡಿ, ಉಪ್ಪಿನಕಾಯಿ ಚೆಕ್-ಇನ್‌ಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಸಣ್ಣ ಬಾಯಿಯ ಬಾಟಲಿಯಲ್ಲಿ ಒಯ್ದರೆ ಒಂದು ಹನಿಯೂ ಬರುವುದಿಲ್ಲ, ಅಗಲ ಬಾಯಿಯ ಡಬ್ಬಿಗೆ ತುಂಬಿ, ಬೆರಳಲ್ಲಿ ತೆಗೆಯಬಹುದು.

ವಾಂತಿಯ ಮಾತ್ರೆ ಆರು ವರ್ಷದವನಿಗೆ ಎಷ್ಟು ಅಂತ ಮಕ್ಕಳ ಡಾಕ್ಟರನ್ನೇ ಕೇಳಿ. ಹೊರಡುವ ಒಂದು ಗಂಟೆ ಮೊದಲು ಕೊಡಬೇಕು, ವಾಂತಿ ಸುರುವಾದ ಮೇಲೆ ಕೊಟ್ಟದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹೊಟ್ಟೆ ಪೂರ್ತಿ ಖಾಲಿಯೂ ಇರಬಾರದು, ಒಂದು ಇಡ್ಲಿಯಷ್ಟು ತಿಂದಿರಲಿ. ಕಾರಿನಲ್ಲಿ ಮೊಬೈಲ್ ಕೊಡಲೇಬೇಡಿ. ಅಮ್ಮನ ಬಿಪಿ ಮಾತ್ರೆ ನಾಲ್ಕು ದಿನಕ್ಕೆ ಹೆಚ್ಚಿಗೆ ಒಯ್ದು, ಅರ್ಧ ಕೈಚೀಲದಲ್ಲಿ ಇಡಿ.

ಬದಿಯಡ್ಕ ಮನೆ

ಎಲ್ಲ ಬರೆದಿಟ್ಟುಕೊಂಡೆ. ಕೊನೆಯ ಪ್ರಶ್ನೆ: ಅಮ್ಮ ಮನೆಯಲ್ಲೂ ಹೊರಗೂ ಹವಾಯಿ ಚಪ್ಪಲಿಯೇ ಹಾಕುವುದು. ಶೂ ಬೇಡ ಅಂತಾರೆ. ನಡೆದೀತಾ? ಕಸೌಲಿಯ ಮಂಕಿ ಪಾಯಿಂಟಿಗೆ ಕರೆದುಕೊಂಡು ಹೋಗಬಹುದಾ?

ಚಂದ್ರಗಿರಿ ತೀರ

ಮಂಕಿ ಪಾಯಿಂಟ್ ವಾಯುಪಡೆಯ ಜಾಗದೊಳಗಿದೆ. ಆಧಾರ್ ತೋರಿಸಬೇಕು, ಫೋನ್, ಕ್ಯಾಮೆರಾ ಒಳಗೆ ಬಿಡುವುದಿಲ್ಲ. ಮೇಲಿನ ಹನುಮಾನ್ ಗುಡಿಗೆ ಮೆಟ್ಟಿಲು ಹತ್ತಲೇಬೇಕು. ಅಮ್ಮನನ್ನು ಕರೆದೊಯ್ಯಬೇಡಿ. ನಿಮ್ಮಲ್ಲಿ ಒಬ್ಬರು ಮಕ್ಕಳ ಜೊತೆ ಹೋಗಿ, ಇನ್ನೊಬ್ಬರು ಅಮ್ಮನ ಜೊತೆ ಬಿಸಿಲಿಗೆ ಕೂತಿರಿ.

ಹವಾಯಿ ಚಪ್ಪಲಿ ಖಂಡಿತ ಬೇಡ. ಕಸೌಲಿಯ ಪೈನ್ ಮರಗಳ ಸೂಜಿ ಎಲೆ ಒಣಗಿ ದಾರಿ ಮೇಲೆ ಚಾಪೆಯ ಹಾಗೆ ಬಿದ್ದಿರುತ್ತದೆ. ನೋಡಲು ಮೆತ್ತಗೆ, ಕಾಲಿಟ್ಟರೆ ಅಡಕೆ ಅಂಗಳದ ಪಾಚಿಯಷ್ಟೇ ಜಾರುತ್ತದೆ. ಇಳಿಜಾರಿನಲ್ಲಿ ಇನ್ನೂ ಅಪಾಯ. ಶೂ ಒಪ್ಪದಿದ್ದರೆ ಹಿಮ್ಮಡಿಗೆ ಪಟ್ಟಿ ಇರುವ, ಅಡಿಯಲ್ಲಿ ಗೀರು ಆಳವಾಗಿರುವ ಸ್ಯಾಂಡಲ್ ಕೊಡಿಸಿ, ಒಳಗೆ ಹೆಬ್ಬೆರಳು ಬೇರೆಯಾಗಿರುವ ಉಣ್ಣೆಯ ಕಾಲುಚೀಲ. ಈಗಲೇ ಕೊಂಡು ಎರಡು ತಿಂಗಳು ಊರಲ್ಲೇ ಹಾಕಿ ರೂಢಿ ಆಗಲಿ. ಊರುಗೋಲು ಇದ್ದರೆ ತುದಿಯ ರಬ್ಬರ್ ಬುಷ್ ತಿರುಗಿಸಿ ನೋಡಿ. ಸವೆದು ನುಣ್ಣಗಾಗಿದ್ದರೆ ಮೆಡಿಕಲ್ ಅಂಗಡಿಯಲ್ಲಿ ಅಳತೆ ಹೇಳಿದರೆ ಹೊಸದು ಸಿಗುತ್ತದೆ, ಎರಡು ತೆಗೆದುಕೊಳ್ಳಿ.