ಅಪ್‌ಡೇಟ್: ಅಪ್ಪನಿಗೆ ಯಾವ ಪುಸ್ತಕ ಕೊಡಲಿ ಎಂದು ಕೇಳಿದ್ದೆನಲ್ಲ

ರಿಟೈರ್ ಆದಮೇಲೆ ದಿನವಿಡೀ ಮೊಬೈಲ್ ನೋಡುವ ಅಪ್ಪನಿಗೆ ಸಣ್ಣ, ಸಲೀಸಾಗಿ ಓದಿಸಿಕೊಳ್ಳುವ ಕಾದಂಬರಿ ಹೇಳಿ ಎಂದಿದ್ದೆ. ಜಾಸ್ತಿ ಜನ ತೇಜಸ್ವಿಯವರ 'ಕರ್ವಾಲೊ' ಎಂದಿರಿ. ಗೆದ್ದಿರಿ!

ಮೊದಲು ಸುಮ್ನೆ ಪುಟ ತಿರುಗಿಸಿ ಇಟ್ಟರು. ಮಂದಣ್ಣನ ಜೇನಿನ ಕಥೆ ಬಂದಮೇಲೆ ಕೆಳಗಿಡಲಿಲ್ಲ. ಕಾದಂಬರಿಯಲ್ಲಿ ಬರುವ ಹಾರುವ ಓತಿ ನಿಜವಾಗಿಯೂ ಇದೆಯಾ ಎಂದು ನನ್ನನ್ನೇ ಕೇಳಿದರು. ಇದೆ, ಪಶ್ಚಿಮ ಘಟ್ಟದಲ್ಲೇ ಇದೆ, ಪಕ್ಕೆಲುಬಿಗೆ ಅಂಟಿದ ಚರ್ಮ ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ ಎಂದು ವಿಡಿಯೋ ತೋರಿಸಿದೆ. ಮತ್ತೆ ಮೊಬೈಲೇ, ಆದರೆ ಈ ಸಲ ಬೇಜಾರಾಗಲಿಲ್ಲ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಅಮ್ಮ ಎತ್ತಿಕೊಂಡರು. ಮನೆಯಲ್ಲಿ ಇರುವೆ ಕಾಟದ ಭಾಗವನ್ನು ಅಡುಗೆಮನೆಯಲ್ಲಿ ನಿಂತೇ ಓದಿ ಹೇಳಿದರು. ಅದು ಮುಗಿಯುವ ರೀತಿ ಮಾತ್ರ ಅವರಿಗೆ ಹಿಡಿಸಲಿಲ್ಲ. ನನಗೆ ಅದೇ ಇಷ್ಟ.

'ಮಲೆಗಳಲ್ಲಿ ಮದುಮಗಳು' ಹೇಳಿದವರಿಗೆ ನಮಸ್ಕಾರ, ಅದರ ದಪ್ಪ ನೋಡಿಯೇ ಅಪ್ಪ ಕೈಮುಗಿದರು. ಮಳೆಗಾಲಕ್ಕೆ ನೋಡೋಣ. ಈಗ 'ಚಿದಂಬರ ರಹಸ್ಯ' ತರಿಸಿದ್ದೇನೆ. ಏಲಕ್ಕಿ ತೋಟ, ಪತ್ತೇದಾರಿ ಎರಡೂ ಇದೆ, ಸಾಕಲ್ವಾ? ತೇಜಸ್ವಿಯವರದ್ದೇ ಮುಗಿದ ಮೇಲೆ ಯಾರನ್ನು ಓದಿಸಲಿ, ಅದನ್ನೂ ಹೇಳಿಬಿಡಿ.